ಮೂರನೆಯ ಪಿನ್ನು

ಪ್ರೀತಿಯ ಮಕ್ಕಳೇ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದುವ ತಾತ-ಅಜ್ಜಿಯರೇ,

ಗಣಪತಿ ಹಬ್ಬಕ್ಕೆ ಮೂರು ವಾರ ಇರುವಾಗ ನಮ್ಮ ರಾಜಾಜಿನಗರದ ಮನೆಯ ನಡುಮನೆಗೆ ಒಂದು ಕಪ್ಪು ಪೆಟ್ಟಿಗೆ ಬಂದು ಕೂತಿತು. ಮುಂದೆ ಬಾಗಿಲಿಲ್ಲ, ಹಿಂದೆಯೂ ಇಲ್ಲ. ಒಳಗೆ ಎರಡು ಕಡೆ ಉದ್ದಕ್ಕೆ ತೂತುಗಳಿರುವ ಕಬ್ಬಿಣದ ಪಟ್ಟಿ. ನಮ್ಮ ಮನೆಯಾಕೆ ಅದನ್ನು ಸುತ್ತಲೂ ನೋಡಿ, “ಇದಕ್ಕೆ ಒಂದು ಬಾಗಿಲು ಹಾಕಿಸಿದ್ದರೆ ಉಪ್ಪಿನಕಾಯಿ ಭರಣಿಗಾದರೂ ಆಗುತ್ತಿತ್ತು” ಅಂದಳು.

“ಅಜ್ಜಿ, ಇದು ರ‍್ಯಾಕ್. ನಮ್ಮ ಬ್ಯಾಂಡಿನ ಸೌಂಡ್ ಸಿಸ್ಟಂ ಎಲ್ಲಾ ಇದರೊಳಗೆ ಕೂರುತ್ತೆ” ಅಂದ ಮೊಮ್ಮಗ.

ಅವನು ಎಂಜಿನಿಯರಿಂಗ್ ಎರಡನೇ ವರ್ಷ. ಐದು ಜನ ಸ್ನೇಹಿತರು ಸೇರಿ ಹಾಡುತ್ತಾರೆ, ನುಡಿಸುತ್ತಾರೆ. ಭಾವಗೀತೆ, ದಾಸರ ಪದ, ಹಳೆಯ ಸಿನಿಮಾ ಹಾಡು, ನಡುನಡುವೆ ತಾವೇ ಕಟ್ಟಿದ ಒಂದೆರಡು ಹಾಡು. ಇಷ್ಟು ದಿನ ಎಲ್ಲಿ ಹಾಡಿದರೂ ಬಾಡಿಗೆಯ ಮೈಕ್ ಸೆಟ್. ಬಂದ ದುಡ್ಡಿನಲ್ಲಿ ಅರ್ಧ ಬಾಡಿಗೆಗೇ ಹೋಗುತ್ತಿತ್ತು. ಅದಕ್ಕೇ ವರ್ಷವಿಡೀ ಕೂಡಿಟ್ಟು, ಎರಡು ಹಳೆಯ ಆಂಪ್ಲಿಫೈಯರ್ ಕೊಂಡು, ಎಸ್.ಪಿ. ರೋಡ್ ಸುತ್ತಿ ವೈರು, ಪಿನ್ನು, ಸಾಕೆಟ್ಟುಗಳನ್ನು ತಂದು, ಪೆಟ್ಟಿಗೆಯನ್ನು ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮಾಡಿಸಿದ್ದರು.

ನಾನು ಕುರ್ಚಿಯಿಂದಲೇ ನೋಡಿ, “ಪಟ್ಟಿಯಿಂದ ಪಟ್ಟಿಗೆ ಹತ್ತೊಂಬತ್ತು ಇಂಚು ಬರುತ್ತೆ ಅಲ್ವೇನೋ?” ಅಂದೆ.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ತಾತ, ಅಳತೆ ಹಿಡಿಯದೇ ಹೇಗೆ ಗೊತ್ತಾಯ್ತು?”

ಹೇಗೆ ಗೊತ್ತಾಯಿತು ಅಂದರೆ, ನನ್ನ ಕೆಲಸದ ವರ್ಷಗಳೆಲ್ಲ ಅಂಥ ಚೌಕಟ್ಟುಗಳ ಮುಂದೆಯೇ ಕಳೆದವು. ನಾನು ಟೆಲಿಫೋನ್ ಕೇಂದ್ರದಲ್ಲಿ ಟೆಕ್ನಿಷಿಯನ್ ಆಗಿದ್ದವನು. ಸೇರುವಾಗ ಅದು ಅಂಚೆ-ತಂತಿ ಇಲಾಖೆ, ಆಮೇಲೆ ದೂರಸಂಪರ್ಕ ಇಲಾಖೆ, 2000ನೇ ಇಸವಿಯಿಂದ ಬಿ.ಎಸ್.ಎನ್.ಎಲ್. ಈ ಹತ್ತೊಂಬತ್ತು ಇಂಚಿನ ರ‍್ಯಾಕ್ ಹುಟ್ಟಿದ್ದು ಹಾಡಿನವರಿಗಾಗಿ ಅಲ್ಲ ಮಕ್ಕಳೇ. ಕಳೆದ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಟೆಲಿಫೋನಿನವರು ತಮ್ಮ ಉಪಕರಣಗಳನ್ನು ಒಂದರ ಮೇಲೊಂದು ಜೋಡಿಸಲು ಈ ಅಳತೆ ಬಳಕೆಗೆ ತಂದರು. ಒಬ್ಬರು ಮಾಡಿದ ಯಂತ್ರ ಇನ್ನೊಬ್ಬರು ಮಾಡಿದ ಚೌಕಟ್ಟಿನಲ್ಲಿ ಕೂರಬೇಕಲ್ಲ! ಆಮೇಲೆ ರೇಡಿಯೋ ಕೇಂದ್ರದವರು, ಕಂಪ್ಯೂಟರಿನವರು, ಸಂಗೀತದವರು ಎಲ್ಲರೂ ಅದನ್ನೇ ಹಿಡಿದರು.

ಅಗಲ 482.6 ಮಿಲಿಮೀಟರ್. ಎತ್ತರ ಅಳೆಯುವುದಕ್ಕೂ ಒಂದು ಲೆಕ್ಕ ಇದೆ. ಒಂದು ‘ಯು’ ಅಂದರೆ ಒಂದೂಮುಕ್ಕಾಲು ಇಂಚು, ಅಂದರೆ 44.45 ಮಿಲಿಮೀಟರ್. ನಮ್ಮ ಹುಡುಗರ ಪೆಟ್ಟಿಗೆ 12 ಯು. ಹಾಗಾದರೆ ಒಳಗಿನ ಎತ್ತರ ಎಷ್ಟು ಇಂಚು? ಮುಂದೆ ಓದುವ ಮೊದಲು ಗುಣಿಸಿ ನೋಡಿ. ಇಪ್ಪತ್ತೊಂದು ಬಂದರೆ ಶಭಾಷ್.

ಅವರು ಜೋಡಿಸಲು ಶುರುಮಾಡಿದಾಗ ನಾನು ಸುಮ್ಮನೆ ನೋಡುತ್ತಿದ್ದೆ. ಮೊದಲ ಸಲ ಆಂಪ್ಲಿಫೈಯರುಗಳನ್ನು ಮೇಲಿಟ್ಟರು, ಮುಂದೆ ಚೆನ್ನಾಗಿ ಕಾಣಲಿ ಅಂತ. ಒಂದೊಂದೂ ಹದಿನೆಂಟು ಕೆ.ಜಿ. ಪೆಟ್ಟಿಗೆಯನ್ನು ಸ್ವಲ್ಪ ವಾಲಿಸಿದ್ದೇ ತಡ, ಅದು ತಾನಾಗಿಯೇ ಬೀಳಲು ಹೊರಟಿತು. ನಾಲ್ಕು ಜನ ಹಿಡಿದರು. “ಅಕ್ಕಿ ಮೂಟೆ ಕೆಳಗೆ, ಹಪ್ಪಳದ ಡಬ್ಬ ಮೇಲೆ” ಅಂತ ಅಡುಗೆಮನೆಯಿಂದ ಅಜ್ಜಿ ಕೂಗಿದಳು. ಅಷ್ಟೇ ನಿಯಮ. ಎಲ್ಲಾ ಬಿಚ್ಚಿ ಮತ್ತೆ ಜೋಡಿಸಿದರು.

ತಳದಲ್ಲಿ ಎರಡು ಆಂಪ್ಲಿಫೈಯರ್, ತಲಾ 2 ಯು. ಅದರ ಮೇಲೆ 1 ಯು ಖಾಲಿ, ಬಿಸಿಗಾಳಿ ಹೊರಗೆ ಹೋಗಲು ತೂತಿನ ತಟ್ಟೆ ಮಾತ್ರ. ಆಮೇಲೆ 1 ಯು ಕ್ರಾಸ್‌ಓವರ್. ಇದು ದಪ್ಪ ದನಿಯನ್ನು ದೊಡ್ಡ ಸ್ಪೀಕರಿಗೂ ಸಣ್ಣ ದನಿಯನ್ನು ಚಿಕ್ಕ ಸ್ಪೀಕರಿಗೂ ಹಂಚಿ ಕೊಡುತ್ತದೆ. ಆಮೇಲೆ 2 ಯು ಈಕ್ವಲೈಜರ್, 1 ಯು ವೈರಿಲ್ಲದ ಮೈಕಿನ ರಿಸೀವರ್, ಮೈಕುಗಳನ್ನು ಇಡಲು 2 ಯು ಡ್ರಾಯರ್, ತುದಿಯಲ್ಲಿ ಎಲ್ಲಕ್ಕೂ ಕರೆಂಟ್ ಕೊಡುವ 1 ಯು ಪಟ್ಟಿ. ಕೂಡಿ ನೋಡಿ, ಹನ್ನೆರಡೇ ಬರುತ್ತದೆ.

ಕರೆಂಟಿನ ವೈರೆಲ್ಲ ಪೆಟ್ಟಿಗೆಯ ಎಡಗಡೆ, ಹಾಡಿನ ವೈರೆಲ್ಲ ಬಲಗಡೆ. ಅಕ್ಕಪಕ್ಕ ಮಲಗಿಸಿದರೆ ಕರೆಂಟಿನ ಸದ್ದು ಹಾಡಿನೊಳಗೆ ನುಸುಳುತ್ತದೆ. ಸ್ವಿಚ್ ಹಾಕುವುದಕ್ಕೂ ಒಂದು ಕ್ರಮ ಇದೆ. ಆಂಪ್ಲಿಫೈಯರ್ ಅಂದರೆ ಮನೆಯ ಮುದ್ದಿನ ಕೂಸಿದ್ದ ಹಾಗೆ. ಎಲ್ಲರೂ ಎದ್ದ ಮೇಲೆ ಏಳುತ್ತದೆ, ಎಲ್ಲರಿಗಿಂತ ಮೊದಲು ಮಲಗುತ್ತದೆ. ಅದನ್ನು ಮೊದಲೇ ಎಬ್ಬಿಸಿ ಆಮೇಲೆ ಉಳಿದವುಗಳ ಸ್ವಿಚ್ ಹಾಕಿದರೆ ಸ್ಪೀಕರಿನಲ್ಲಿ ‘ಢಬ್’ ಅಂತ ಗುದ್ದುತ್ತದೆ. ಸ್ಪೀಕರ್ ಹರಿದರೂ ಹರಿಯಿತು.

ಇಷ್ಟೆಲ್ಲ ಚೆನ್ನಾಗಿ ಕಲಿತರು. ಮನೆಯಲ್ಲಿ ಹಾಡಿ ನೋಡಿದರು. ಒಂದು ಚೂರೂ ಗೊರಗೊರ ಇಲ್ಲ.

ಹಬ್ಬದ ಸಂಜೆ ಬಸವೇಶ್ವರನಗರದ ಒಂದು ಬೀದಿಯ ಗಣಪತಿ ಪೆಂಡಾಲಿನಲ್ಲಿ ಕಾರ್ಯಕ್ರಮ. ಏಳು ಗಂಟೆಗೆ ಶುರು. ನಾನೂ ಹೋಗಿದ್ದೆ. ಮಧ್ಯಾಹ್ನ ಮಳೆ ಬಂದು ನಿಂತಿತ್ತು. ಚಪ್ಪರದ ಅಂಚಿನಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು, ವೇದಿಕೆಗೆ ಹಾಸಿದ್ದ ಜಮಖಾನ ಹಸಿ. ರ‍್ಯಾಕನ್ನು ವೇದಿಕೆಯ ಪಕ್ಕ ಇಟ್ಟು, ಪೆಂಡಾಲಿನ ಮುಖ್ಯ ಬೋರ್ಡಿನಿಂದ ಕರೆಂಟ್ ತೆಗೆದುಕೊಂಡರು. ಮಿಕ್ಸರನ್ನು ಜನ ಕೂರುವ ಕಡೆಯ ಕೊನೆಯಲ್ಲಿ, ಮೂವತ್ತು ಮೀಟರ್ ಆಚೆ ಇಟ್ಟರು. ಜನರಿಗೆ ಕೇಳುವ ಹಾಗೆಯೇ ತನಗೂ ಕೇಳಿದರೆ ತಾನೇ ಮಿಕ್ಸರಿನವನು ಹದ ನೋಡಲು ಸಾಧ್ಯ? ಅಷ್ಟು ದೂರ ಕರೆಂಟಿನ ವೈರು ಎಳೆಯುವುದು ಯಾಕೆ ಅಂತ, ಅದಕ್ಕೆ ಅಲ್ಲೇ ಇದ್ದ ಮನೆಯೊಂದರ ಕಿಟಕಿಯಿಂದ ಕರೆಂಟ್. ಗಿಟಾರಿನ ಹುಡುಗನ ಚಿಕ್ಕ ಆಂಪ್ಲಿಫೈಯರಿಗೆ ಬೋರ್ಡಿನಲ್ಲಿ ಜಾಗ ಇರಲಿಲ್ಲ, ಅದು ಬಣ್ಣದ ದೀಪದ ಸರಗಳಿಗೆ ಹಾಕಿದ್ದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹೋಯಿತು.

ಸ್ವಿಚ್ ಹಾಕಿದರು. ‘ಗುಂಯ್...’ ಅಂತ ಸದ್ದು, ಜೇನುಗೂಡಿಗೆ ಕಿವಿ ಇಟ್ಟ ಹಾಗೆ. ಹಾಡು ನಿಲ್ಲಿಸಿದರೂ ಅದು ನಿಲ್ಲದು.

ಸಮಯ ಆರೂಮುಕ್ಕಾಲು. ಮುಂದಿನ ಸಾಲಿನಲ್ಲಿ ಅಜ್ಜಿಯರು ಆಗಲೇ ಬಂದು ಕೂತಿದ್ದರು. ಮೊಮ್ಮಗನ ಮುಖ ಬೆವರಿತ್ತು. ವೈರು ಬದಲಿಸಿದ, ಮೈಕ್ ಬದಲಿಸಿದ, ಸದ್ದು ಹೋಗಲಿಲ್ಲ. ಕೊನೆಗೆ ಡಬ್ಬದಿಂದ ಕಟಿಂಗ್ ಪ್ಲೇಯರ್ ತೆಗೆದ. “ರ‍್ಯಾಕಿನ ಪ್ಲಗ್ಗಿನ ಅರ್ಥ್ ಪಿನ್ನು ಕತ್ತರಿಸಿಬಿಡೋಣ. ಬಾಡಿಗೆ ಸೆಟ್ಟಿನವರೂ ಹಾಗೇ ಮಾಡ್ತಿದ್ರು. ತಕ್ಷಣ ಸದ್ದು ಹೋಗುತ್ತೆ.”

ಅದೇ ಹೊತ್ತಿಗೆ ಗಿಟಾರಿನ ಹುಡುಗ ಮೈಕಿನ ಹತ್ತಿರ ಬಾಯಿಟ್ಟು “ಹಲೋ” ಅಂದವನು ಹಿಂದಕ್ಕೆ ಸರಿದ. “ತುಟಿಗೆ ಏನೋ ಚುರ್ ಅಂತು ಕಣೋ. ಏನಿಲ್ಲ ಬಿಡು.”

“ಮೈನ್ ಆಫ್ ಮಾಡ್ರೋ!” ನಾನು ಎದ್ದು ಕೂಗಿದೆ. ಅಷ್ಟು ಜೋರಾಗಿ ಕೂಗಿ ಎಷ್ಟೋ ವರ್ಷ ಆಗಿತ್ತು.

ಎಲ್ಲಾ ಆರಿತು. ಮೊಮ್ಮಗನಿಗೆ ನಾಚಿಕೆ, ಸಿಟ್ಟು ಎರಡೂ. “ತಾತ, ಇನ್ನು ಹದಿನೈದು ನಿಮಿಷ ಇದೆ. ಅರ್ಥ್ ಪಿನ್ನು ಇಲ್ಲದೇ ಇದ್ರೂ ಎಲ್ಲಾ ಕೆಲಸ ಮಾಡುತ್ತೆ” ಅಂದ.

“ಗೊತ್ತು. ನಾನೂ ಒಂದು ಸಲ ಮಾಡಿದ್ದೆ” ಅಂದೆ.

ಮಕ್ಕಳೇ, ಆ ಐದು ಜನರಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಅಜ್ಜಿಗೂ.

1971. ನನಗೆ ಹದಿನೇಳು ವರ್ಷ. ತುಮಕೂರು ಜಿಲ್ಲೆಯ ನಮ್ಮೂರಿನಲ್ಲಿ ಮೈಕ್ ಸೆಟ್ಟಿನವರ ಜೊತೆ ವೈರು ಸುತ್ತುವ ಹುಡುಗ ನಾನು. ಜಾತ್ರೆಯಲ್ಲಿ ಹರಿಕಥೆ. ಆಂಪ್ಲಿಫೈಯರ್ ಹೀಗೇ ಗುಂಯ್ ಅನ್ನುತ್ತಿತ್ತು. ಯಜಮಾನರು ಊಟಕ್ಕೆ ಹೋಗಿದ್ದರು. ನಾನು ಜಾಣ ಅಂತ ತೋರಿಸಬೇಕಿತ್ತು. ಪ್ಲಗ್ ಬಿಚ್ಚಿ ಅರ್ಥಿನ ತಂತಿ ಕಿತ್ತೆ. ಸದ್ದು ಹೋಯಿತು. ಊರಿನವರೆಲ್ಲ “ಹುಡುಗ ಗಟ್ಟಿಗ” ಅಂದರು. ಅರ್ಧ ಕಥೆ ಆಗುವಷ್ಟರಲ್ಲಿ ತುಂತುರು ಮಳೆ ಹಿಡಿಯಿತು. ಆ ಹಳೆಯ ಸೆಟ್ಟಿನೊಳಗೆ ಎಲ್ಲೋ ಕರೆಂಟು ಕಬ್ಬಿಣದ ಪೆಟ್ಟಿಗೆಗೆ ತಾಗಿರಬೇಕು. ಅರ್ಥ್ ಇದ್ದಿದ್ದರೆ ಅದು ನೆಲಕ್ಕೆ ಇಳಿದು ಫ್ಯೂಸ್ ಹೋಗುತ್ತಿತ್ತು. ನಾನು ಆ ದಾರಿ ಕಿತ್ತಿದ್ದೆನಲ್ಲ, ಕರೆಂಟು ವೈರಿನ ಹೊದಿಕೆಯ ಮೇಲೆ ಹರಿದು ಮೈಕಿನ ಸ್ಟ್ಯಾಂಡಿಗೆ ಬಂತು. ದಾಸರು ಬರಿಗಾಲಿನಲ್ಲಿ ಹಸಿ ನೆಲದ ಮೇಲೆ ನಿಂತಿದ್ದರು. ಕಥೆಯ ಭರದಲ್ಲಿ ಸ್ಟ್ಯಾಂಡ್ ಹಿಡಿದರು. ಬಿಡಲು ಆಗಲಿಲ್ಲ. ಯಾರೋ ಓಡಿಹೋಗಿ ಮೈನ್ ಎಳೆದರು. ದಾಸರು ಹಿಂದಕ್ಕೆ ಬಿದ್ದರು.

ಬದುಕಿದರು. ಅಂಗೈ ಸುಟ್ಟಿತ್ತು. ಸ್ವಲ್ಪ ಹೊತ್ತು ಕೂತು, ನೀರು ಕುಡಿದು, “ಮೈಕ್ ಬೇಡಪ್ಪ” ಅಂದು, ಗ್ಯಾಸ್ ಲೈಟಿನ ಬೆಳಕಿನಲ್ಲಿ ಬರಿಯ ಗಂಟಲಿನಿಂದಲೇ ಕಥೆ ಮುಗಿಸಿದರು. ಜನ ಹತ್ತಿರ ಸರಿದು ಕೂತು ಕೇಳಿದರು. ನಾನು ಮಾತ್ರ ಲಾರಿಯ ಹಿಂದೆ ನಿಂತಿದ್ದೆ. ತಂತಿ ಕಿತ್ತವನು ನಾನು ಅಂತ ಆ ರಾತ್ರಿ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.

ಕಥೆ ಮುಗಿಯುವ ಹೊತ್ತಿಗೆ ಮೊಮ್ಮಗ ಪ್ಲೇಯರನ್ನು ಡಬ್ಬಕ್ಕೆ ಹಾಕಿದ್ದ. “ಈಗ ಏನು ಮಾಡೋಣ ತಾತ?” ಅಂದ.

“ಗುಂಯ್ ಅನ್ನೋದು ಯಾಕೆ ಅಂತ ಅದನ್ನೇ ಕೇಳೋಣ.”

ಮನೆಗೆ ಬರುವ ಕರೆಂಟು ಒಂದೇ ಕಡೆ ಹರಿಯುವ ನದಿಯಲ್ಲ. ಸೆಕೆಂಡಿಗೆ 50 ಸಲ ಉಯ್ಯಾಲೆಯ ಹಾಗೆ ಹಿಂದೆ ಮುಂದೆ ತೂಗುತ್ತದೆ. ಆ ತೂಗಾಟ ಹಾಡಿನ ವೈರಿಗೆ ಸೇರಿದರೆ ಸ್ಪೀಕರಿನಲ್ಲಿ ಗುಂಯ್. ಸೇರಿದ್ದು ಹೇಗೆ? ಎರಡು ಬಾವಿ ಇವೆ ಅಂದುಕೊಳ್ಳಿ. ಎರಡರಲ್ಲೂ ನೀರಿನ ಮಟ್ಟ ಕೊಂಚ ಬೇರೆ. ನಡುವೆ ಒಂದು ಕೊಳವೆ ಹಾಕಿದರೆ ನೀರು ಹರಿಯುತ್ತದೆ ತಾನೇ? ರ‍್ಯಾಕಿನ ಅರ್ಥ್ ಪೆಂಡಾಲಿನ ಬೋರ್ಡಿನದು, ಮಿಕ್ಸರಿನ ಅರ್ಥ್ ಆ ಮನೆಯದು. ಎರಡು ಬಾವಿ. ನಡುವೆ ಮೂವತ್ತು ಮೀಟರಿನ ಹಾಡಿನ ವೈರು, ಅದೇ ಕೊಳವೆ. ಆ ಹರಿವೇ ಸದ್ದು. ಹುಡುಗರು ಮನೆಯಲ್ಲಿ ನೋಡಿದಾಗ ಎಲ್ಲವೂ ಒಂದೇ ಸಾಕೆಟ್ಟಿನಲ್ಲಿ ಇದ್ದವು, ಒಂದೇ ಬಾವಿ. ಅದಕ್ಕೇ ಸದ್ದಿರಲಿಲ್ಲ. ಹಾಗಾದರೆ ಮದ್ದು ಯಾವುದು? ಬಾವಿ ಮುಚ್ಚುವುದಲ್ಲ, ಎಲ್ಲರೂ ಒಂದೇ ಬಾವಿಯ ನೀರು ಕುಡಿಯುವುದು.

ಇನ್ನು ತುಟಿಗೆ ಚುರ್ ಅಂದದ್ದು. ಇದು ಸದ್ದಿಗಿಂತ ಕೆಟ್ಟದ್ದು. ಪೆಂಡಾಲಿನ ಎಲೆಕ್ಟ್ರಿಷಿಯನ್ ಬಂದು ಮಲ್ಟಿಮೀಟರ್ ಇಟ್ಟು ನೋಡಿದರು. ಮುಖ್ಯ ಬೋರ್ಡಿನಲ್ಲಿ ಫೇಸಿಗೂ ಅರ್ಥಿಗೂ ನಡುವೆ 230 ವೋಲ್ಟಿನ ಹತ್ತಿರ ಬಂತು, ಅದು ಸರಿ. ದೀಪದ ಸರದ ಬಾಕ್ಸಿನಲ್ಲಿ ಒಮ್ಮೆ 70, ಒಮ್ಮೆ 40, ಅಂಕಿ ನಿಲ್ಲಲೇ ಇಲ್ಲ. ಬಾಕ್ಸ್ ಬಿಚ್ಚಿದರು. ಮುಂದೆ ಮೂರು ತೂತು, ಹಿಂದೆ ಎರಡೇ ತಂತಿ! ಅರ್ಥಿನ ತೂತು ಬರಿಯ ಅಲಂಕಾರ. ಗಿಟಾರಿನ ಆಂಪ್ಲಿಫೈಯರಿನಿಂದ ಸೋರಿದ ಕರೆಂಟಿಗೆ ನೆಲಕ್ಕೆ ಇಳಿಯಲು ದಾರಿ ಇರಲಿಲ್ಲ. ಗಿಟಾರಿನ ತಂತಿಯ ಮೇಲೆ ಕಾಯುತ್ತಾ ಕೂತಿತ್ತು. ಮೈಕ್ ಮಾತ್ರ ಸರಿಯಾದ ಅರ್ಥಿಗೆ ಸೇರಿತ್ತು. ಹುಡುಗ ಕೈಯಲ್ಲಿ ಗಿಟಾರಿನ ತಂತಿ ಹಿಡಿದು ತುಟಿಯನ್ನು ಮೈಕಿಗೆ ತಾಗಿಸಿದ. ದಾರಿ ಸಿಕ್ಕಿತು, ಅವನ ಮೈಯೇ ದಾರಿ. ಅವತ್ತು ಚುರ್ ಅಂದಿತು, ಅಷ್ಟೆ. ಸೋರಿಕೆ ಇನ್ನೂ ಹೆಚ್ಚಿದ್ದರೆ, ಜಮಖಾನ ಇನ್ನೂ ಒದ್ದೆ ಇದ್ದಿದ್ದರೆ, ಏನಾಗುತ್ತಿತ್ತೋ.

ಒಬ್ಬ ಹುಡುಗ ಸ್ಕೂಟರಿನಲ್ಲಿ ಹೋಗಿ ಮೂರು ತಂತಿಯ ದಪ್ಪ ವೈರು ತಂದ. ಎಲೆಕ್ಟ್ರಿಷಿಯನ್ ಮುಖ್ಯ ಬೋರ್ಡಿನಿಂದ ಮಿಕ್ಸರಿನವರೆಗೂ ಅದನ್ನು ಎಳೆದು ಕೊಟ್ಟರು. ಗಿಟಾರಿನ ಆಂಪ್ಲಿಫೈಯರ್ ದೀಪದ ಸಹವಾಸ ಬಿಟ್ಟು ಅದೇ ಬೋರ್ಡಿಗೆ ಬಂತು. ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇದೆಯಾ ಅಂತ ನೋಡಿ, ಅದರ ಟೆಸ್ಟ್ ಬಟನ್ ಒತ್ತಿಸಿದೆ. ‘ಟಕ್’ ಅಂತ ಬಿತ್ತು, ಸರಿಯಾಗಿದೆ. ಒದ್ದೆ ಜಮಖಾನ ತೆಗೆದು ಒಣ ಹಲಗೆ, ರಬ್ಬರ್ ಹಾಸು ಹಾಕಿದರು. ಆಮೇಲೆ ಸ್ವಿಚ್ಚುಗಳು ಕ್ರಮವಾಗಿ ಬಿದ್ದವು: ಮಿಕ್ಸರ್, ಈಕ್ವಲೈಜರ್, ಕ್ರಾಸ್‌ಓವರ್, ಕೊನೆಗೆ ಮುದ್ದಿನ ಕೂಸು.

ಸದ್ದಿಲ್ಲ. ಚಪ್ಪರದ ಹನಿ ಬೀಳುವುದು ಕೇಳಿಸುತ್ತಿತ್ತು.

ಏಳಕ್ಕೆ ಶುರುವಾಗಬೇಕಾದ್ದು ಎಂಟಕ್ಕೆ ಹತ್ತು ನಿಮಿಷ ಇರುವಾಗ ಶುರುವಾಯಿತು. ಒಬ್ಬ ಯಜಮಾನರು ಗೊಣಗಿದರು. ಮೊಮ್ಮಗ ಮೈಕಿನಲ್ಲಿ, “ತಡ ಆಗಿದ್ದಕ್ಕೆ ಕ್ಷಮಿಸಿ, ಅರ್ಥ್ ಸರಿ ಇರಲಿಲ್ಲ, ಸರಿ ಮಾಡಿಕೊಂಡ್ವಿ” ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಗೊಣಗಿದವರೇ ಮೊದಲು ಚಪ್ಪಾಳೆ ತಟ್ಟಿದರು.

ರಾತ್ರಿ ಹತ್ತಕ್ಕೆ ಐದು ನಿಮಿಷ ಇರುವಾಗ ಇನ್ನೂ ಮೂರು ಹಾಡು ಬಾಕಿ. ಅದರಲ್ಲಿ ಒಂದು ಅವನೇ ಕಟ್ಟಿದ್ದು. ತಿಂಗಳಿಂದ ಅದನ್ನೇ ಗುನುಗುತ್ತಿದ್ದ. ಜನ “ಹಾಡಿ, ಹಾಡಿ” ಅಂದರು. ಆದರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ, ಸರ್ಕಾರ ವಿನಾಯಿತಿ ಕೊಟ್ಟ ಕೆಲವು ದಿನ ಬಿಟ್ಟರೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಾಸದ ಬೀದಿಗಳಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45 ಡೆಸಿಬಲ್ ಮಿತಿ. ನಿಯಮ ಇರುವುದು ಮಲಗಿರುವ ಕೂಸಿಗೆ, ಕಾಯಿಲೆಯವರಿಗೆ, ಬೆಳಿಗ್ಗೆ ಪರೀಕ್ಷೆ ಇರುವ ನಿಮ್ಮಂಥವರಿಗೆ. ಹತ್ತಕ್ಕೆ ಸರಿಯಾಗಿ ಆಂಪ್ಲಿಫೈಯರ್ ಮಲಗಿತು. ಮೊಮ್ಮಗನ ಹಾಡು ಉಳಿದುಹೋಯಿತು. ನನ್ನಿಂದಲೇ ತಡವಾದದ್ದು ಅಂತ ನನಗೂ ಒಳಗೆ ಒಂದು ತರಹ ಆಯಿತು.

ಮನೆಗೆ ಬರುವಾಗ ಟೆಂಪೋದಲ್ಲಿ ರ‍್ಯಾಕಿನ ಪಕ್ಕ ಕೂತು ಕೇಳಿದ, “ತಾತ, ಆ ದಾಸರಿಗೆ ನೀವು ಹೇಳಬಹುದಿತ್ತಲ್ವಾ?”

“ಹೇಳಬಹುದಿತ್ತು. ಹೆದರಿದ್ದೆ.”

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಟೆಲಿಫೋನ್ ಇಲಾಖೆಗೆ ಸೇರಿದ್ದು ಅದಕ್ಕೇನಾ?” ಅಂದ.

ಅದಕ್ಕೇ ಅಂತ ಹೇಳಲಾರೆ, ಹೊಟ್ಟೆಪಾಡೂ ಇತ್ತು. ಆದರೆ ಅಲ್ಲಿ ನನಗೆ ಕೊಟ್ಟ ಮೊದಲ ಕೆಲಸ ಏನು ಗೊತ್ತಾ? ಕೇಂದ್ರವಿಡೀ ನಡೆಯುವುದು 48 ವೋಲ್ಟಿನ ಬ್ಯಾಟರಿಯ ಮೇಲೆ. ಅದರ ಒಂದು ತುದಿಯನ್ನು ಹಿತ್ತಲಿನ ಅರ್ಥ್ ಗುಂಡಿಗೆ ಸೇರಿಸಿರುತ್ತಾರೆ. ಗುಂಡಿಯೊಳಗೆ ಲೋಹದ ತಟ್ಟೆ, ಸುತ್ತ ಇದ್ದಿಲು, ಉಪ್ಪು. ಮಣ್ಣು ಒಣಗಿದರೆ ಕರೆಂಟು ನೆಲಕ್ಕೆ ಇಳಿಯುವುದು ಕಷ್ಟ. ಅದಕ್ಕೆ ಬೇಸಿಗೆಯಲ್ಲಿ ದಿನಾ ಆ ಗುಂಡಿಗೆ ನೀರು ಹಾಕಬೇಕು. ಜೊತೆಗಿದ್ದವರು “ತೋಟದ ಮಾಲಿ” ಅಂತ ನಗುತ್ತಿದ್ದರು. ನಾನು ಒಂದು ದಿನವೂ ತಪ್ಪಿಸಲಿಲ್ಲ.

ಮಾರನೆಯ ಬೆಳಿಗ್ಗೆ ನೋಡಿದರೆ ರ‍್ಯಾಕಿನ ಹಿಂಭಾಗದಲ್ಲಿ ಒಂದು ಚೀಟಿ ಅಂಟಿತ್ತು. ಅವನದೇ ಅಕ್ಷರ: “ಎಲ್ಲಾ ಒಂದೇ ಬೋರ್ಡಿನಿಂದ. ಪಿನ್ನು ಮುಟ್ಟಬೇಡ. ತಾತನ್ನ ಕೇಳು.” ಆಮೇಲೆ ಆ ಉಳಿದ ಹಾಡನ್ನು ನಡುಮನೆಯಲ್ಲಿ ನಮ್ಮಿಬ್ಬರಿಗೆ ಹಾಡಿದ, ಮೈಕ್ ಇಲ್ಲದೆ. ಅಜ್ಜಿ ಕಾಫಿ ಲೋಟ ಹಿಡಿದುಕೊಂಡೇ ಕೇಳಿದಳು. ಅವತ್ತೇ ಅವಳಿಗೂ ದಾಸರ ವಿಷಯ ಹೇಳಿದೆ.

ಈ ವಾರದ ಕೆಲಸ: ಮಕ್ಕಳೇ, ಮನೆಯಲ್ಲಿ ಗೋಡೆಯಿಂದ ತೆಗೆದಿಟ್ಟಿರುವ ಮಿಕ್ಸಿಯ ಅಥವಾ ಇಸ್ತ್ರಿಪೆಟ್ಟಿಗೆಯ ಮೂರು ಪಿನ್ನಿನ ಪ್ಲಗ್ಗನ್ನು ದೊಡ್ಡವರ ಜೊತೆ ಕೂತು ನೋಡಿ. ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಯಾಕೆ ಹೇಳಿ? ಪ್ಲಗ್ ಒಳಗೆ ಹೋಗುವಾಗ ಅದು ಮೊದಲು ಸೇರಬೇಕು, ಹೊರಗೆ ಬರುವಾಗ ಕೊನೆಗೆ ಬಿಡಬೇಕು. ಕರೆಂಟು ಬರುವ ಮೊದಲೇ ಕಾವಲುಗಾರ ಬಂದು ನಿಂತಿರಬೇಕು. ಸಾಕೆಟ್ಟಿನೊಳಗೆ ಮಾತ್ರ ಏನನ್ನೂ ಹಾಕಿ ನೋಡಬೇಡಿ.

ತಾತ-ಅಜ್ಜಿಯರಿಗೊಂದು ಕೆಲಸ: ಮನೆಯ ಬೋರ್ಡಿನಲ್ಲಿ ಆರ್.ಸಿ.ಸಿ.ಬಿ. ಇದ್ದರೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಟಕ್ ಅಂತ ಬಿದ್ದರೆ ನೆಮ್ಮದಿ. ಬೀಳದಿದ್ದರೆ ಎಲೆಕ್ಟ್ರಿಷಿಯನ್ನಿಗೆ ಇವತ್ತೇ ಫೋನ್ ಮಾಡಿ. ಮೊಮ್ಮಕ್ಕಳಿಗೆ ಹೇಳದೇ ಉಳಿಸಿಕೊಂಡ ಹಳೆಯ ತಪ್ಪೊಂದಿದ್ದರೆ ಅದನ್ನೂ ಹೇಳಿಬಿಡಿ. ಅವರಿಗೆ ಉಪಯೋಗಕ್ಕೆ ಬರುತ್ತದೆ.

ಮುಂದಿನ ವಾರ ಸಿಗೋಣ.

ನಿಮ್ಮ ತಾತ